ಮನೆಯ ಹವಾ ಕೇಂದ್ರ ಲಿನಕ್ಸ್‌ಗೆ ಕಾಣದಿದ್ದರೆ: ಡ್ರೈವರ್ ತೊಂದರೆ ಪರಿಹರಿಸುವ ಕ್ರಮ



ಕಂಗ್ಟಿಯಲ್ಲಿ ಸುರಿದ ಮಳೆ ನಾರಾಯಣಖೇಡದಲ್ಲಿ ಹನಿಯೂ ಬೀಳದೆ ಹೋಗುವುದು ನಮಗೆ ಹೊಸದಲ್ಲ. ಕರ್ನಾಟಕದ ಕಡೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ, ತೆಲಂಗಾಣದ ಕಡೆ ಮಂಡಲಗಳಲ್ಲಿ ಸರ್ಕಾರದ ಸ್ವಯಂಚಾಲಿತ ಕೇಂದ್ರಗಳಿವೆ. ಆದರೂ ನಮ್ಮ ಹೊಲದ ತೊಗರಿಗೆ ಎಷ್ಟು ಮಳೆ ಬಿತ್ತು ಎಂಬುದಕ್ಕೆ ನಮ್ಮದೇ ಲೆಕ್ಕ ಬೇಕು. ಅದಕ್ಕಾಗಿ ಮನೆಯ ಮೇಲೆ ಹವಾ ಕೇಂದ್ರ ಕೂಡಿಸಿ, ಹಳೆಯ ಕಂಪ್ಯೂಟರ್ ಅಥವಾ ರಾಸ್‌ಬೆರಿ ಪೈ ಮೇಲೆ ಲಿನಕ್ಸ್ ಹಾಕಿಕೊಂಡವರಿಗಾಗಿ ಈ ಬರಹ. ಟಾಮ್ ಕೆಫರ್ ಅವರು ಪೈಥಾನ್‌ನಲ್ಲಿ ಆರಂಭಿಸಿದ ವೀವೆಕ್ಸ್ ಎಂಬ ಉಚಿತ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಮೊದಲೇ ಒಂದು ಮಾತು. ಕೇಂದ್ರ ಕಾಣದಿದ್ದಾಗ ಡ್ರೈವರನ್ನು ತೆಗೆದು ಮತ್ತೆ ಮತ್ತೆ ಹಾಕುವುದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತಪ್ಪು ಹೆಚ್ಚಾಗಿ ಬೇರೆಡೆ ಇರುತ್ತದೆ. ಕೆಳಗಿನ ಕ್ರಮದಲ್ಲಿ ಒಂದೊಂದಾಗಿ ನೋಡಿ.

1. ತಂತಿ. ಕೇಂದ್ರದ ಯುಎಸ್‌ಬಿ ತಂತಿ ಜೋಡಿಸಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕೊಡಿ. ತಂತಿ ಕಿತ್ತು ಮತ್ತೊಮ್ಮೆ ಕೊಡಿ. ಎರಡೂ ಪಟ್ಟಿ ಒಂದೇ ಆಗಿದ್ದರೆ ಲಿನಕ್ಸ್‌ಗೆ ಯಂತ್ರವೇ ಕಾಣುತ್ತಿಲ್ಲ. ಮೊಬೈಲ್ ಚಾರ್ಜ್‌ಗೆ ಮಾತ್ರ ಬರುವ ತಂತಿಯಲ್ಲಿ ಮಾಹಿತಿ ಹರಿಯುವುದಿಲ್ಲ. ಬೇರೆ ತಂತಿ ಹಾಕಿ ನೋಡಿ.

2. ಬೇರೆಯವರ ಹಿಡಿತ. ಅನೇಕ ಕೇಂದ್ರಗಳು ಸೀರಿಯಲ್ ಪರಿವರ್ತಕ ಚಿಪ್ ಮೂಲಕ ಮಾತಾಡುತ್ತವೆ. ಪಟ್ಟಿಯಲ್ಲಿ 1ಎ86:7523 ಅಥವಾ 10ಸಿ4:ಇಎ60 ಸಂಖ್ಯೆ ಕಂಡರೂ ‘ಟಿಟಿವೈಯುಎಸ್‌ಬಿ0’ ಎಂಬ ಪೋರ್ಟ್ ಕ್ಷಣಕಾಲ ಬಂದು ಮಾಯವಾಗುತ್ತದೆಯೇ? ಉಬುಂಟು 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ತಂತ್ರಾಂಶ ಈ ಚಿಪ್‌ಗಳನ್ನು ಬ್ರೈಲ್ ಸಾಧನವೆಂದು ತಿಳಿದು ಹಿಡಿದುಕೊಳ್ಳುವುದುಂಟು. ಮನೆಯಲ್ಲಿ ಬ್ರೈಲ್ ಸಾಧನ ಬಳಸುವವರಿಲ್ಲದಿದ್ದರೆ ಮಾತ್ರ ಅದನ್ನು ತೆಗೆದುಹಾಕಿ. ಹಿನ್ನೆಲೆಯಲ್ಲಿ ವೀವೆಕ್ಸ್ ಸೇವೆಯೇ ಓಡುತ್ತಿದ್ದರೂ ‘ಬ್ಯುಸಿ’ ಎಂಬ ಉತ್ತರ ಬರುತ್ತದೆ. ಪರೀಕ್ಷೆಗೆ ಮುಂಚೆ ಸೇವೆಯನ್ನು ನಿಲ್ಲಿಸಿ.

3. ಅನುಮತಿ. ‘ಪರ್ಮಿಶನ್ ಡಿನೈಡ್’ ಎಂದು ಬಂದರೆ ಡೆಬಿಯನ್, ಉಬುಂಟುಗಳಲ್ಲಿ ಬಳಕೆದಾರರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. 5ನೇ ಆವೃತ್ತಿಯ ಪ್ಯಾಕೇಜ್ ಹೊಸದಾಗಿ ಹಾಕಿದ್ದರೆ ಸೇವೆ ನಿಮ್ಮ ಹೆಸರಿನಲ್ಲಿ ಅಲ್ಲ, ‘ವೀವೆಕ್ಸ್’ ಎಂಬ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಅನುಮತಿ ಸಿಗಬೇಕಾದ್ದು ಅದಕ್ಕೆ.

4. ಪೈಥಾನ್ ಗ್ರಂಥಾಲಯ. ಸೀರಿಯಲ್ ಕೇಂದ್ರಕ್ಕೆ ‘ಪೈಸೀರಿಯಲ್’, ಫೈನ್ ಆಫ್‌ಸೆಟ್ ಜಾತಿಯ ಯುಎಸ್‌ಬಿ ಕೇಂದ್ರಕ್ಕೆ (ಸಂಖ್ಯೆ 1941:8021) ‘ಪೈಯುಎಸ್‌ಬಿ’ ಬೇಕು. ವೀವೆಕ್ಸನ್ನು ‘ಆಪ್ಟ್’ ಮೂಲಕ ಹಾಕಿದ್ದರೆ ಇವನ್ನೂ ‘ಆಪ್ಟ್’ ಮೂಲಕವೇ ಹಾಕಿ. ‘ಪಿಪ್’ ಮೂಲಕ ಪ್ರತ್ಯೇಕ ಪರಿಸರದಲ್ಲಿ ಹಾಕಿದ್ದರೆ ಅದೇ ಪರಿಸರದೊಳಗೆ ಹಾಕಿ. ಒಂದರಲ್ಲಿ ಹಾಕಿದ್ದು ಮತ್ತೊಂದಕ್ಕೆ ಕಾಣದೇ ಹೋಗಬಹುದು.

5. ಡ್ರೈವರ್ ಆಯ್ಕೆ. ಕೊನೆಗೆ ಡ್ರೈವರ್. ಸಂರಚನಾ ಕಡತದ ‘ಸ್ಟೇಷನ್_ಟೈಪ್’ ಸಾಲಿನಲ್ಲಿ ನಿಮ್ಮ ಯಂತ್ರದ ಹೆಸರೇ ಇದೆಯೇ ನೋಡಿ. ಪರೀಕ್ಷೆಗೆಂದು ಇಟ್ಟ ‘ಸಿಮ್ಯುಲೇಟರ್’ ಉಳಿದಿದ್ದರೆ ತೆರೆಯ ಮೇಲೆ ಅಂಕಿ ಬರುತ್ತವೆ, ಆದರೆ ಅವೆಲ್ಲ ಕಲ್ಪಿತ! ಬದಲಿಸಲು ‘ವೀಸಿಟಿಎಲ್ ಸ್ಟೇಷನ್ ರೀಕಾನ್ಫಿಗರ್’ ಆದೇಶವಿದೆ. ಕೆಲವು ವೈಫೈ ಕೇಂದ್ರಗಳ ಡ್ರೈವರ್ ವೀವೆಕ್ಸ್ ಜೊತೆ ಬರುವುದಿಲ್ಲ. ಅದನ್ನು ವಿಸ್ತರಣೆಯಾಗಿ ಬೇರೆ ಹಾಕಬೇಕು.

ಪ್ರತಿ ಹಂತದಲ್ಲೂ ಲಾಗ್‌ನ ಕೊನೆಯ ಇಪ್ಪತ್ತು ಸಾಲು ಓದಿ. ಸಹಾಯ ಕೇಳುವಾಗ ಆ ಸಾಲುಗಳು, ಯಂತ್ರದ ಸಂಖ್ಯೆ, ಲಿನಕ್ಸ್ ಮತ್ತು ವೀವೆಕ್ಸ್ ಆವೃತ್ತಿ ಇವಿಷ್ಟನ್ನೂ ಕೊಡಿ. ‘ನಡೀತಿಲ್ಲ’ ಎಂದಷ್ಟೇ ಹೇಳಿದರೆ ಯಾರಿಗೂ ದಾರಿ ತೋರದು.

ಎಷ್ಟು ದಿನದೊಳಗೆ ಸರಿಪಡಿಸಬೇಕು?

ಡೇವಿಸ್ ವ್ಯಾಂಟೇಜ್ ಲಾಗರ್ 2,560 ದಾಖಲೆ ಹಿಡಿದಿಡುತ್ತದೆ. 5 ನಿಮಿಷಕ್ಕೊಂದರಂತೆ ಅದು ಸುಮಾರು 9 ದಿನದ ಲೆಕ್ಕ. ಅಷ್ಟರೊಳಗೆ ಡ್ರೈವರ್ ನಡೆದರೆ ವೀವೆಕ್ಸ್ ಹಿಂದಿನದನ್ನೆಲ್ಲ ಎಳೆದುಕೊಳ್ಳುತ್ತದೆ. ತಡವಾದರೆ ಹಳೆಯದು ಅಳಿಯುತ್ತದೆ. ನೆನಪಿನ ವ್ಯವಸ್ಥೆ ಇಲ್ಲದ ಕೇಂದ್ರಗಳಲ್ಲಿ ಕಂಪ್ಯೂಟರ್ ನಿಂತಾಗ ಬಿದ್ದ ಮಳೆಯ ವಿವರ ಹೋದಂತೆಯೇ. ರಾಸ್‌ಬೆರಿ ಪೈ 4 ಮತ್ತು ಹಿಂದಿನವುಗಳಲ್ಲಿ ಸ್ವಂತ ಗಡಿಯಾರವಿಲ್ಲ. ಕರೆಂಟ್ ಹೋಗಿ ಬಂದಾಗ ಇಂಟರ್ನೆಟ್ ಇಲ್ಲದಿದ್ದರೆ ಸಮಯ ತಪ್ಪುತ್ತದೆ, ಅದನ್ನೂ ಗಮನಿಸಿ.

ಆದ್ದರಿಂದ ಮಿರಗ ಕೂಡುವ ಮುನ್ನವೇ ಇವೆಲ್ಲ ಪರೀಕ್ಷಿಸಿಕೊಳ್ಳಿ. ಜೊತೆಗೆ ಅಂಗಳದಲ್ಲಿ ಒಂದು ಸಾದಾ ಮಳೆಮಾಪಕ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆಯುತ್ತದೆ; 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆಯ ದಿನ. ವೀವೆಕ್ಸ್ ಮಾತ್ರ ಮಧ್ಯರಾತ್ರಿಯಿಂದ ದಿನ ಎಣಿಸುವುದರಿಂದ ಎರಡೂ ಅಂಕಿ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ಯಂತ್ರ ಕೈಕೊಟ್ಟ ದಿನವೂ ನೋಟ್‌ಬುಕ್‌ನಲ್ಲಿ ಆ ದಿನದ ಮಳೆ ಉಳಿದಿರುತ್ತದೆ.