ದೋಣಿ ಕಾಯ್ದ ಕೆರೆ

ಬೆಂಗಳೂರಿನ ಹಲಸೂರು ಕೆರೆ ಉಳಿದದ್ದು ವಿಹಾರದ ದೋಣಿ ಮತ್ತು ದಂಡಿನ ದಯೆಯಿಂದ ಎಂಬ ಮಾತಿದೆ. ಅದರಲ್ಲಿ ಅರ್ಧ ನಿಜವಿದೆ. ಕೆಂಪೇಗೌಡರ ವಂಶದ ಕಾಲದ್ದೆಂದು ಜನ ಹೇಳುವ ಈ ಕೆರೆ ಮೊದಲು ಗದ್ದೆ ತೋಟಗಳಿಗೆ ನೀರುಣಿಸಿತು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತಂದು ಹಲಸೂರಿನ ಮಗ್ಗುಲಲ್ಲಿ ದಂಡು ಕಟ್ಟಿದ ಮೇಲೆ ಸಿಪಾಯಿಗಳ ಬಾಯಾರಿಕೆಯನ್ನೂ ತಣಿಸಿತು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಬೆಂಗಳೂರಿಗೆ ಬಂತು. ಹೊಳೆ ದಾಟಿಸುವುದು, ಸೇತುವೆ ಹಾಕುವುದು ಆ ಪಡೆಯ ಕಸುಬು; ಅದರ ಅಭ್ಯಾಸಕ್ಕೂ ನೀರು ಬೇಕು. ಕೆರೆಗೆ ಈಗಿನ ರೂಪ ಕೊಟ್ಟವರು 1860ರ ದಶಕದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಎನ್ನುತ್ತಾರೆ. ಆಗೆಲ್ಲ ಅದು ಕುಡಿಯುವ ನೀರು. ಕೆಡಲು ಬಿಟ್ಟರೆ ಕೆಡುತ್ತಿದ್ದುದು ದಂಡಿನ ಆರೋಗ್ಯ. 1894ರಲ್ಲಿ ಅರ್ಕಾವತಿಗೆ ಹೆಸರಘಟ್ಟದ ಕೆರೆ ಕಟ್ಟಿ, ದೂರದ ನೀರನ್ನು ಕೊಳವೆಯಲ್ಲಿ ತರುವ ವ್ಯವಸ್ಥೆಯಾದ ಮೇಲೆ ಊರೊಳಗಿನ ಕೆರೆಗಳ ಅಗತ್ಯ ಕುಗ್ಗುತ್ತ ಹೋಯಿತು. ನನ್ನ ದೃಷ್ಟಿಯಲ್ಲಿ ಹಲಸೂರು ಕೆರೆಯ ಕಥೆ ತಿರುಗಿದ್ದು ಅಲ್ಲಿ.

ಹಾಗಾದರೆ ದೋಣಿ ಏನನ್ನೂ ಮಾಡಲಿಲ್ಲವೇ? ಮಾಡಿತು. ಊರಿನ ಬೇರೆ ಕೆರೆಗಳು ಉಳಿಯಲಿಲ್ಲ: ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು. ಹಲಸೂರಿನದು ಮಾತ್ರ ಸುಮಾರು 50 ಹೆಕ್ಟೇರು ಹರಡಿ ಕೆರೆಯಾಗಿಯೇ ಇದೆ. ಸೈನ್ಯದ ನೆರೆಹೊರೆ, ವಿಹಾರಿಗಳ ಪ್ರೀತಿ ಎರಡೂ ಅದಕ್ಕೆ ಕಾವಲು ನಿಂತಿದ್ದವು ಎಂದು ನಂಬುತ್ತೇನೆ. ಆದರೆ ಆ ಕಾವಲು ಕಾದದ್ದು ಹರವನ್ನು. ದೋಣಿ ತೇಲಲು ನೀರಿದ್ದರೆ ಸಾಕು, ಅದು ಕುಡಿಯುವಂತಿರಬೇಕಿಲ್ಲ. ಸುತ್ತಲಿನ ಬಡಾವಣೆಗಳ ಕೊಳಚೆ ರಾಜಕಾಲುವೆ ಹಿಡಿದು ಒಳಬಂದಾಗಲೂ ಕೆರೆ ನೋಡಲು ಕೆರೆಯೇ. 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಒಳಗಿನ ಸ್ಥಿತಿ ಎಲ್ಲರ ಕಣ್ಣಿಗೂ ಬಿತ್ತು.

ವಿಹಾರದ ಕೆರೆ ಕೊಳಕಾಗುವುದು ಅನಿವಾರ್ಯ ಎಂಬ ವಾದವನ್ನು ಮಾತ್ರ ಒಪ್ಪಲಾರೆ. ಸ್ಕಾಟ್ಲೆಂಡಿನ ಲಾಕ್ ಕ್ಯಾಟ್ರಿನ್ 1859ರಿಂದ ಗ್ಲಾಸ್ಗೊ ನಗರಕ್ಕೆ ಕುಡಿಯುವ ನೀರು ಕೊಡುತ್ತಿದೆ. 1900ರಲ್ಲಿ ಅಲ್ಲಿಗೆ ಬಂದ ‘ಸರ್ ವಾಲ್ಟರ್ ಸ್ಕಾಟ್’ ಹಡಗು ಉಗಿಯಂತ್ರದಿಂದಲೇ ಪ್ರವಾಸಿಗರನ್ನು ಸುತ್ತಾಡಿಸಿದೆ. ಬೆಟ್ಟಗಾಡಿನ ಆ ಸರೋವರಕ್ಕೆ ನಗರದ ಚರಂಡಿ ಸೇರುವುದಿಲ್ಲ, ಹೋಲಿಕೆ ಸರಿಯಲ್ಲ ಎನ್ನಬಹುದು. ಅಂತರ ದೊಡ್ಡದೇ. ಆದರೆ ಅಲ್ಲಿ ದೋಣಿಯ ಜೊತೆಗೆ ನಲ್ಲಿಯೂ ಅದೇ ನೀರನ್ನು ನಂಬಿಕೊಂಡಿದೆ. ಹಲಸೂರು ಕೆರೆಯ ಸುತ್ತಲಿನವರ ನಲ್ಲಿಗೆ ಬರುವುದು ಕಾವೇರಿ.