ಲವ-ಕುಶರು ಬೇರೆಯಾದ ಮೇಲೆ

ಎಸ್. ನಿಜಲಿಂಗಪ್ಪನವರ ‘ಲವ-ಕುಶ’ರೆಂದು ಕರ್ನಾಟಕದ ರಾಜಕಾರಣದಲ್ಲಿ ಹೆಸರಾದವರು ವೀರೇಂದ್ರ ಪಾಟೀಲ ಮತ್ತು ರಾಮಕೃಷ್ಣ ಹೆಗಡೆ. ಒಬ್ಬರು ಕಲಬುರಗಿ ಸೀಮೆಯ ಚಿಂಚೋಳಿಯವರು, ಇನ್ನೊಬ್ಬರು ಉತ್ತರ ಕನ್ನಡದ ಸಿದ್ದಾಪುರದವರು. ಇಬ್ಬರೂ ಕಾನೂನು ಓದಿದವರು. 1968ರಲ್ಲಿ ನಿಜಲಿಂಗಪ್ಪನವರ ನಂತರ ಪಾಟೀಲರು ಮುಖ್ಯಮಂತ್ರಿಯಾದರು. ಹೆಗಡೆ ಅದೇ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು. ಮರುವರ್ಷ ಕಾಂಗ್ರೆಸ್ ಒಡೆದಾಗ ಇಬ್ಬರೂ ಗುರುವಿನ ಬಣದಲ್ಲೇ ನಿಂತರು. 1971ರಲ್ಲಿ ಅಧಿಕಾರ ಹೋಯಿತು, ಜೊತೆ ಉಳಿಯಿತು.

ದಾರಿ ಕವಲಾದದ್ದು ಜನತಾ ಪಕ್ಷದ ಕಾಲದಲ್ಲಿ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತ ಪಾಟೀಲರು, 1980ರಲ್ಲಿ ಇಂದಿರಾ ಕಾಂಗ್ರೆಸ್ಸಿನಿಂದಲೇ ಲೋಕಸಭೆಗೆ ಗೆದ್ದು ಬಂದರು. ಕೇಂದ್ರ ಸಚಿವರೂ ಆದರು. ಜನತಾ ಪಕ್ಷದಲ್ಲೇ ಉಳಿದ ಹೆಗಡೆ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಇಷ್ಟನ್ನೇ ನೋಡಿದರೆ ಇದು ಮಹತ್ವಾಕಾಂಕ್ಷೆ ಮುರಿದ ಗೆಳೆತನದ ಕಥೆ. ಒಬ್ಬರು ಬಿಟ್ಟುಹೋದರು, ಒಬ್ಬರು ಉಳಿದರು. ಆದರೆ ಇಬ್ಬರನ್ನೂ ಬೇರೊಂದು ಪರೀಕ್ಷೆ ಕಾದಿತ್ತು.

ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬುದು ಕಾನೂನಿನ ಮೊದಲ ಪಾಠಗಳಲ್ಲೊಂದು. ಲೋಕಾಯುಕ್ತ ಕಾಯ್ದೆ ತಂದ ಹೆಗಡೆಯವರಿಗೆ ಈ ಪಾಠ ಗೊತ್ತಿತ್ತು. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಅವರ ಸರ್ಕಾರವನ್ನು ಟೀಕಿಸಿದಾಗ ರಾಜೀನಾಮೆ ಕೊಟ್ಟರು. ಆದರೆ ಮೂರೇ ದಿನದಲ್ಲಿ ಪಕ್ಷದವರ ಒತ್ತಾಯಕ್ಕೆ ಮಣಿದು ಹಿಂತೆಗೆದುಕೊಂಡರು. ಟೀಕಿಸಿದ್ದು ನ್ಯಾಯಾಲಯ, ಮನ್ನಿಸಿದ್ದು ಸ್ವಂತ ಪಕ್ಷ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದ ಎದ್ದಾಗ ಕೊಟ್ಟ ರಾಜೀನಾಮೆ ಮಾತ್ರ ಮರಳಿ ಬರಲಿಲ್ಲ.

1989ರ ಚುನಾವಣೆಯಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದು, ಪಾಟೀಲರು ಎರಡನೆಯ ಸಲ ಮುಖ್ಯಮಂತ್ರಿಯಾದರು. ಗೆಳೆಯನಿಗೆ ಮುಳ್ಳಾಗಿದ್ದ ಹೆಂಡದ ವ್ಯವಹಾರ ಅವರ ಮುಂದೆಯೂ ಬಂತು. ತೆರಿಗೆ ತಪ್ಪಿಸಿ ಮಾರುವ ‘ಸೆಕೆಂಡ್ಸ್’ ಮದ್ಯಕ್ಕೆ ಅವರು ಕಡಿವಾಣ ಹಾಕಿದರು. 1990ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಕೋಮುಗಲಭೆ, ಅವರಿಗೆ ಅನಾರೋಗ್ಯ. ಆ ಹೊತ್ತಿನಲ್ಲಿ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾವಣೆ ಘೋಷಿಸಿದರು. 178 ಶಾಸಕರ ನಾಯಕನ ಬಗ್ಗೆ ತೀರ್ಪು ಕೊಟ್ಟದ್ದು ವಿಧಾನಸಭೆಯಲ್ಲ.

ಒಬ್ಬರನ್ನು ಪಕ್ಷ ಉಳಿಸಿತು, ಇನ್ನೊಬ್ಬರನ್ನು ಪಕ್ಷವೇ ಇಳಿಸಿತು. ಎರಡು ಕಡೆಯೂ ನ್ಯಾಯಾಧೀಶರ ಪೀಠದಲ್ಲಿ ಕುಳಿತದ್ದು ಪಕ್ಷ. ಆದ್ದರಿಂದ ಈ ಇಬ್ಬರ ಚರಿತ್ರೆಯನ್ನು ಓದುವಾಗ ‘ಯಾರು ಯಾರಿಗೆ ದ್ರೋಹ ಮಾಡಿದರು’ ಎಂಬ ಪ್ರಶ್ನೆ ನಮ್ಮನ್ನು ಹೆಚ್ಚು ದೂರ ಒಯ್ಯುವುದಿಲ್ಲ. ಗೆಳೆತನ ಮುರಿಯಲು ಮಹತ್ವಾಕಾಂಕ್ಷೆ ಸಾಕು. ಕಾನೂನು ಓದಿದವರೂ ತಮ್ಮ ನಡೆಯ ತೀರ್ಪನ್ನು ಪಕ್ಷದ ಕೈಗೊಪ್ಪಿಸಬೇಕಾಗಿ ಬಂದದ್ದು ಅದಕ್ಕಿಂತ ದೊಡ್ಡ ನಷ್ಟ. ಅದು ಲವ-ಕುಶರದ್ದಷ್ಟೇ ಅಲ್ಲ, ನಾಡಿನದು.