ನಾಗರಖಂಡದ ಶಾಸನಗಳಲ್ಲಿ ವ್ಯಾಧಿ ಮತ್ತು ವೇದನೆ

ಹೊಸಬಾಳೆಯಿರುವ ಸೊರಬ ಸೀಮೆಯೂ ನೆರೆಯ ಶಿಕಾರಿಪುರ ಸೀಮೆಯೂ ಪ್ರಾಚೀನ ಬನವಾಸಿ 12000ಕ್ಕೆ ಸೇರಿದ್ದವು. ಅದರ ವಿಭಾಗಗಳಲ್ಲಿ ಒಂದು ನಾಗರಖಂಡ 70. ಈ ನೆಲದ ಶಾಸನಗಳನ್ನು ದಾನ, ಯುದ್ಧ, ವಂಶಾವಳಿಗಳಿಗಾಗಿ ಓದುವುದು ವಾಡಿಕೆ. ದೇಹದ ನೋವನ್ನು ಅಂದಿನವರು ಹೇಗೆ ಅರಿತಿದ್ದರೆಂಬುದಕ್ಕೂ ಇಲ್ಲಿ ಆಧಾರಗಳಿವೆ.

10ನೆಯ ಶತಮಾನದ ಆರಂಭದ ಬಂದಳಿಕೆಯ ಶಾಸನವು ಜಕ್ಕಿಯಬ್ಬೆಯ ವೃತ್ತಾಂತವನ್ನು ತಿಳಿಸುತ್ತದೆ. ನಾಳ್ಗಾವುಂಡನಾಗಿದ್ದ ಪತಿ ಸತ್ತರಸ ನಾಗಾರ್ಜುನನು ಮರಣಹೊಂದಿದಾಗ ನಾಗರಖಂಡ 70ರ ಆಡಳಿತ ಆಕೆಗೆ ಬಂದಿತು. ಜಿನಭಕ್ತೆಯಾದ ಆಕೆ ಅದನ್ನು ಸಮರ್ಥವಾಗಿ ನಿರ್ವಹಿಸಿದಳು. ಬಳಿಕ ದೇಹವನ್ನು ವ್ಯಾಧಿ ಆವರಿಸಿತು. ಆಗ ಮಗಳನ್ನು ಕರೆಸಿ ತನ್ನದನ್ನು ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ವ್ರತದಿಂದ ಮುಡಿಪಿದಳು. ವಿದ್ವಾಂಸರು ಆಕೆಯ ಆಡಳಿತವನ್ನು ಎತ್ತಿ ಹೇಳಿದ್ದಾರೆ. ಆ ವ್ಯಾಧಿಯ ಮಾತಿಗೆ ಅಷ್ಟು ಗಮನ ಸಂದಿಲ್ಲ.

ಇದನ್ನು ನೋವಿಗೆ ಹೆದರಿ ಪ್ರಾಣ ಬಿಟ್ಟ ಪ್ರಸಂಗವೆಂದು ತಿಳಿಯುವುದು ತಪ್ಪು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನಕ್ಕೆ ಕಾರಣವಾಗಬಲ್ಲ ರೋಗವನ್ನು ಹೇಳುವಾಗ ಅದು ಪ್ರತೀಕಾರವಿಲ್ಲದ್ದಾಗಿರಬೇಕೆಂದು ವಿಧಿಸುತ್ತದೆ. ಮದ್ದಿರುವ ರೋಗಕ್ಕೆ ಮದ್ದೇ ಮಾರ್ಗ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದಾಗಿರುವುದು ಈ ಕಾರಣದಿಂದಲೇ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದು ವೈದ್ಯವನ್ನು ಕನ್ನಡಕ್ಕೆ ತಂದನು.

ನೋವು ಬೇರೆ, ನೋವಿನಿಂದ ಮನಸ್ಸು ಕೆಡುವುದು ಬೇರೆ. ಈ ಭೇದವನ್ನು ಜೈನ ತತ್ತ್ವವು ಸೂಕ್ಷ್ಮವಾಗಿ ಗುರುತಿಸಿದೆ. ನೋವು ಅಸಾತಾವೇದನೀಯ ಕರ್ಮದ ಫಲ. ಅದು ಎಂದು ತೊಲಗೀತೆಂಬ ಚಿಂತೆಯಲ್ಲೇ ಮನಸ್ಸು ಸಿಲುಕಿದರೆ ಅದು ಆರ್ತಧ್ಯಾನ. ತತ್ತ್ವಾರ್ಥಸೂತ್ರವು ಹೇಳುವ ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ವೇದನೆಯೂ ಒಂದು. 22 ಪರೀಷಹಗಳಲ್ಲಿ ರೋಗವೂ ಸೇರಿದೆ. ಅರೆತಲೆನೋವನ್ನು ಬಲ್ಲವರಿಗೆ ಈ ಭೇದವು ಅನುಭವವೇದ್ಯ. ಸುಶ್ರುತಸಂಹಿತೆಯು 11 ಶಿರೋರೋಗಗಳಲ್ಲಿ ‘ಅರ್ಧಾವಭೇದಕ’ವೆಂದು ಹೆಸರಿಸಿದ ಈ ಬಾಧೆ ಮರಳಿ ಮರಳಿ ಬರುವಂಥದು. ಅದು ಇಲ್ಲದ ದಿನಗಳನ್ನೂ ಅದರ ನಿರೀಕ್ಷೆಯೇ ಕದಡುತ್ತದೆ.

ಬಂದಳಿಕೆಯಿರುವ ಶಿಕಾರಿಪುರ ತಾಲ್ಲೂಕಿನಲ್ಲೇ ಬಳ್ಳಿಗಾವೆಯಿದೆ. ಅಲ್ಲಿನ ಕೋಡಿಯಮಠ ಕಾಳಾಮುಖ ಶೈವರದು. ಅದರ 1162ರ ಶಾಸನವು ಮಠವನ್ನು ವಿದ್ಯಾಭ್ಯಾಸದ ಸ್ಥಾನ, ದೀನರಿಗೆ ಅನ್ನವೀಯುವ ಸ್ಥಾನ, ಅನಾಥ ರೋಗಿಗಳ ಚಿಕಿತ್ಸೆಯ ಸ್ಥಾನ, ಸಕಲ ಜೀವಿಗಳಿಗೆ ಅಭಯದ ಸ್ಥಾನವೆಂದು ವರ್ಣಿಸುತ್ತದೆ. ಜೈನರ ಚತುರ್ವಿಧ ದಾನಗಳೂ ಇವೇ: ಆಹಾರ, ಔಷಧ, ಶಾಸ್ತ್ರ, ಅಭಯ. ಪರಸ್ಪರ ವಾದಿಸುತ್ತಿದ್ದ ಮತಗಳು ರೋಗಿಯ ಮುಂದೆ ಒಂದೇ ಮಾತನ್ನಾಡಿವೆ.

ಜಕ್ಕಿಯಬ್ಬೆಯ ವ್ಯಾಧಿ ಯಾವುದೆಂದು ಶಾಸನವು ಹೆಸರಿಸಿಲ್ಲ. ನಾವು ಊಹಿಸಬೇಕಾಗಿಯೂ ಇಲ್ಲ. ಬಂದಳಿಕೆಯ ಶಾಸನವನ್ನು ಬಳ್ಳಿಗಾವೆಯ ಶಾಸನದೊಡನೆ ಇಟ್ಟು ಓದಬೇಕು. ವ್ರತವು ಚಿಕಿತ್ಸೆಯ ದಾರಿ ಮುಗಿದವರದು. ಅರೆತಲೆನೋವಿನಂತೆ ಮರಳಿ ಬರುವ, ಶಮನಗೊಳ್ಳುವ ಬಾಧೆಗೆ ಈ ಸೀಮೆ ತೋರುವುದು ಬಂದಳಿಕೆಯ ತೀರ್ಥವನ್ನಲ್ಲ, ಬಳ್ಳಿಗಾವೆಯ ಚಿಕಿತ್ಸಾಸ್ಥಾನವನ್ನು.